ಸ್ಯಾಂಪ್ ಸರ್ವರ್‌ಗೆ ಸಿ ಪ್ಲಗಿನ್ ಬರೆದಿದ್ದೀನಿ, ರಾತ್ರಿ ಹೊತ್ತು ಸದ್ದಿಲ್ಲದೆ ಬೀಳ್ತಿದೆ. ಯಾರಾದ್ರೂ ನೋಡ್ತೀರಾ?

ಗಾಜನೂರು_ಗೆಳೆಯ
ಎಲ್ರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರ್ಕೊಂಡು ಜಿಟಿಎ ಸ್ಯಾನ್ ಆಂಡ್ರಿಯಾಸ್‌ಗೆ ಒಂದು ಕನ್ನಡ ರೋಲ್‌ಪ್ಲೇ ಸರ್ವರ್ ನಡೆಸ್ತಿದೀವಿ. ಸ್ಯಾಂಪ್ 0.3.7 (ಆ ಆಟವನ್ನ ನೆಟ್‌ನಲ್ಲಿ ಹಲವರು ಸೇರಿ ಆಡೋಕೆ ಇರೋ ಮಾಡ್), ಲಿನಕ್ಸ್ ವಿಪಿಎಸ್ (ಬಾಡಿಗೆ ಸರ್ವರ್). ಚಾಟ್‌ನಲ್ಲಿ ಬೈಗುಳ ಹಿಡಿಯೋಕೆ ಸ್ಯಾಂಪ್‌ನ ಸ್ಕ್ರಿಪ್ಟ್ ಭಾಷೆ ಪಾನ್‌ನಲ್ಲೇ ಒಂದು ಫಿಲ್ಟರ್ ಇತ್ತು. ಪದಗಳ ಪಟ್ಟಿ ಬೆಳೀತಾ ಹೋಯ್ತು, ನೋಡ್ಕೊಳ್ಳೋದೇ ಕಷ್ಟ ಆಯ್ತು. ಕಾಲೇಜಲ್ಲಿ ಕಲಿತ ಸಿ ಹೇಗೂ ಇದೆಯಲ್ಲ ಅಂತ ಪ್ಲಗಿನ್ ಬರೆದೆ.

ಅದರಲ್ಲಿ ಎರಡು ನೇಟಿವ್ (ಪಾನ್‌ನಿಂದ ಕರೆಯೋ ಸಿ ಫಂಕ್ಷನ್) ಇವೆ. ಒಂದಕ್ಕೆ ಪಠ್ಯ ಕೊಟ್ರೆ ಅದರಲ್ಲಿ ಕೆಟ್ಟ ಪದ ಇದ್ಯಾ ಇಲ್ವಾ ಹೇಳುತ್ತೆ. ಇನ್ನೊಂದು ಅಡ್ಮಿನ್‌ಗಳ ಡಿಸ್ಕಾರ್ಡ್‌ಗೆ ವರದಿ ಕಳಿಸುತ್ತೆ. ಸರ್ವರ್ ತಡೆಯಬಾರದು ಅಂತ ಅದಕ್ಕೆ ಬೇರೆ ಥ್ರೆಡ್ (ಮುಖ್ಯ ಕೆಲಸದ ಪಕ್ಕದಲ್ಲೇ ಓಡೋ ಇನ್ನೊಂದು ಎಳೆ). ಕಳಿಸಿ ಆದ್ಮೇಲೆ ಆ ಥ್ರೆಡ್ಡೇ ಪಾನ್‌ನಲ್ಲಿರೋ ಒಂದು ಪಬ್ಲಿಕ್ ಫಂಕ್ಷನ್ (ಸ್ಕ್ರಿಪ್ಟ್ ಹೊರಗಿನಿಂದ ಕರೆಯಬಹುದಾದದ್ದು) ಕರೆಯುತ್ತೆ.

ನನ್ನ ಲ್ಯಾಪ್‌ಟಾಪಲ್ಲಿ ಎಲ್ಲಾ ಸರಿ. ಜನ ಸೇರೋ ಹೊತ್ತಿಗೆ ಸರಿಯಾಗಿ ಸರ್ವರ್ ಢಮಾರ್. ಲಾಗ್‌ನಲ್ಲಿ ಒಂದಕ್ಷರ ಇಲ್ಲ, ಯಾರೋ ಚಾಟ್ ಮಾಡಿದ ಸಾಲಿಗೇ ನಿಂತಿರುತ್ತೆ. ಎಲ್ಲಿಂದ ಹುಡುಕೋಕೆ ಶುರು ಮಾಡ್ಲಿ?

ಸೆಗ್‌ಫಾಲ್ಟ್_ಸೀನ
ಬೈಗುಳ ತಡೆಯೋ ಪ್ಲಗಿನ್ ಬಿದ್ದು, ಎಲ್ರೂ ಸರ್ವರ್‌ಗೇ ಬೈಯೋ ಹಾಗಾಯ್ತಾ? ಸಖತ್ ಗುರು.

ಪಾಯಿಂಟರ್_ಪುಟ್ಟಿ
"ಆ ಥ್ರೆಡ್ಡೇ ಪಬ್ಲಿಕ್ ಫಂಕ್ಷನ್ ಕರೆಯುತ್ತೆ". ಸದ್ಯ ಮುಂದೆ ಹೋಗೋದೇ ಬೇಡ, ಇಲ್ಲೇ ನಿಲ್ಲಿ.

ಪಾನ್ ಓಡಿಸೋ ಎಎಂಎಕ್ಸ್ ಯಂತ್ರ ಥ್ರೆಡ್‌ಸೇಫ್ ಅಲ್ಲ, ಅಂದ್ರೆ ಎರಡು ಥ್ರೆಡ್ ಒಟ್ಟಿಗೆ ಮುಟ್ಟೋ ಹಾಗಿಲ್ಲ. ಅದಕ್ಕೊಂದು ಸ್ಟ್ಯಾಕು, ಒಂದು ಹೀಪು, ಎರಡೂ ಒಂದೇ ಮೆಮೊರಿ ತುಂಡಲ್ಲಿ ಎದುರುಬದುರಾಗಿ ಬೆಳೀತವೆ. ಮುಖ್ಯ ಥ್ರೆಡ್ ಅದೇ ಸ್ಕ್ರಿಪ್ಟಿನ ಕಾಲ್‌ಬ್ಯಾಕ್ (ಆಟದಲ್ಲಿ ಏನಾದ್ರೂ ನಡೆದಾಗ ಸರ್ವರ್ ಕರೆಯೋ ಫಂಕ್ಷನ್) ಒಂದರ ಮಧ್ಯದಲ್ಲಿ ಇರುವಾಗ ನೀವು ಪಕ್ಕದಿಂದ ಪಾನ್ ಫಂಕ್ಷನ್ ಓಡಿಸೋ ಎಎಂಎಕ್ಸ್ ಎಕ್ಸೆಕ್ ಕರೆದ್ರೆ ಇಬ್ರೂ ಸೇರಿ ಒಂದೇ ಸ್ಟ್ಯಾಕ್ ಪಾಯಿಂಟರ್ ಎಳೆದಾಡ್ತೀರಿ. ಲ್ಯಾಪ್‌ಟಾಪಲ್ಲಿ ನೀವೊಬ್ರೇ ಆಟಗಾರ, ಆ ಎರಡು ಘಳಿಗೆ ಒಟ್ಟಿಗೆ ಬರೋದೇ ಅಪರೂಪ. ನೂರು ಜನ ಇದ್ದಾಗ ಬಂದೇ ಬರುತ್ತೆ.

ಕೆಲಸ ಹೇಗೆ ಮಾಡ್ಬೇಕು ಅಂದ್ರೆ: ಥ್ರೆಡ್ ತನ್ನ ಕೆಲಸ ಮುಗಿಸಿ ಫಲಿತಾಂಶವನ್ನ ಒಂದು ಕ್ಯೂಗೆ ಹಾಕಲಿ, ಮ್ಯೂಟೆಕ್ಸ್ (ಒಮ್ಮೆಗೆ ಒಬ್ರೇ ಮುಟ್ಟೋ ಹಾಗೆ ಮಾಡೋ ಬೀಗ) ಹಿಡಿದು. ಪ್ಲಗಿನ್‌ಗೆ ಏನೇನು ಬೇಕು ಅಂತ ಸರ್ವರ್‌ಗೆ ಹೇಳೋ ಸಪೋರ್ಟ್ಸ್ ಫಂಕ್ಷನ್ನಿಂದ ವಾಪಸ್ ಕೊಡೋ ಫ್ಲ್ಯಾಗ್‌ಗಳಲ್ಲಿ ಪ್ರೋಸೆಸ್‌ಟಿಕ್‌ದೂ ಸೇರಿಸಿ. ಆಗ ಸರ್ವರ್ ಪ್ರತಿ ಟಿಕ್‌ಗೂ ನಿಮ್ಮ ಪ್ರೋಸೆಸ್‌ಟಿಕ್ ಕರೆಯುತ್ತೆ, ಮುಖ್ಯ ಥ್ರೆಡ್ಡಲ್ಲೇ. ಅಲ್ಲಿ ಕ್ಯೂ ಖಾಲಿ ಮಾಡಿ, ಪಬ್ಲಿಕ್ ಕರೀರಿ. ಬೇರೆ ದಾರಿ ಇಲ್ಲ.

ಬಿಟ್‌ಬಸವ
ನಂದೊಂದು ಮೂಲಭೂತ ಪ್ರಶ್ನೆ ಐತಿ. ಇದಕ್ಕ ಸಿ ಯಾಕ ಬೇಕಾಗಿತ್ತು? ಚಾಟ್‌ನ ಒಂದು ಸಾಲು ಅಂದ್ರ ಹೆಚ್ಚಂದ್ರ 128 ಅಕ್ಷರ. ಅದರಾಗ ಪದ ಹುಡುಕಾಕ ಪಾನ್ ಸಾಕಷ್ಟು ಜೋರಾಗೇ ಓಡ್ತದ. ಪಾನ್‌ನಾಗ ನೀವು ಅರೇ ಮಿತಿ ದಾಟಿದ್ರ ಏನಾಗ್ತದ? ಅದು ರನ್‌ಟೈಮ್ ಎರರ್ 4 ಆಗ್ತದ, ಆ ಒಂದು ಕಾಲ್‌ಬ್ಯಾಕ್ ಸಾಯ್ತದ, ಆಟ ನಡೀತಿರ್ತದ. ಅದನ್ನ ಸಿ ಪ್ಲಗಿನ್‌ನಾಗ ಮಾಡಿದ್ರ ಸರ್ವರ್ ಪ್ರೋಸೆಸ್ಸೇ ಮಕಾಡೆ. ಯಾಕಂದ್ರ ನಿಮ್ಮ ಕೋಡು ಸರ್ವರ್ ಹೊರಗಿಲ್ಲ, ಅದರ ಹೊಟ್ಟಿಯೊಳಗೇ ಕುಂತೈತಿ. ಇಷ್ಟು ಸಣ್ಣ ಕೆಲಸಕ್ಕ ಅಷ್ಟು ದೊಡ್ಡ ಗಂಡಾಂತರ ಯಾಕ್ರೀ ತಗೋತೀರಿ?

ಗಾಜನೂರು_ಗೆಳೆಯ
ಬಸವ ಸರ್, ಫಿಲ್ಟರ್‌ಗೆ ಪಾನ್ ಸಾಕಿತ್ತು, ಒಪ್ತೀನಿ. ಆದ್ರೆ ಡಿಸ್ಕಾರ್ಡ್‌ಗೆ ಕಳಿಸೋದಿದೆಯಲ್ಲ. ಸ್ಯಾಂಪ್‌ನ ಎಚ್‌ಟಿಟಿಪಿ ಫಂಕ್ಷನ್‌ಗೆ ಎಚ್‌ಟಿಟಿಪಿಎಸ್ ಬರಲ್ಲ. ಅದಕ್ಕೆ ಹೇಗಿದ್ರೂ ಪ್ಲಗಿನ್ ಬೇಕು. ಬರೀತಿದ್ದೀನಲ್ಲ ಅಂತ ಎರಡನ್ನೂ ಸೇರಿಸ್ದೆ. ಕಲಿಯೋ ಆಸೆನೂ ಇತ್ತು ಅನ್ನಿ.

ಬಿಟ್‌ಬಸವ
ಹಂಗಾದ್ರ ಸರಿ. ಕಲಿಯೋ ಆಸೆಗೆ ಬ್ಯಾಡ ಅನ್ನಾಕ ನಾ ಯಾರು? ಆದ್ರ ಸಿ ಪಾಲು ಎಷ್ಟು ಸಣ್ಣದಿರ್ತದೋ ಅಷ್ಟು ಛಲೋ. ನಿಯಮ, ಶಿಕ್ಷೆ, ಎಷ್ಟು ಸಲ ಬೈದ್ರ ಮ್ಯೂಟ್, ಇವೆಲ್ಲ ಪಾನ್‌ನಾಗ ಇಡ್ರಿ. ಸಿ ಬರೇ ಹೌದು-ಅಲ್ಲ ಹೇಳಲಿ.

ತುಕ್ಕುಹಿಡಿದವ
ರಸ್ಟ್ ಭಾಷೇಲಿ ಬರೆದಿದ್ರೆ ಈ ಪ್ರಶ್ನೆನೇ ಬರ್ತಿರ್ಲಿಲ್ಲ. ಸ್ಯಾಂಪ್‌ಗೆ ರಸ್ಟ್ ಕ್ರೇಟ್‌ ಇದೆ. ಕಂಪೈಲರ್ರೇ ಕಿವಿ ಹಿಂಡಿ ಹೇಳ್ತಿತ್ತು.

ಪಾಯಿಂಟರ್_ಪುಟ್ಟಿ
ಬಂದ್ರಪ್ಪಾ. ಎಎಂಎಕ್ಸ್ ಪಾಯಿಂಟರ್ ಕೈಗೆ ಬರೋದು ಕಚ್ಚಾ ಪಾಯಿಂಟರ್ ಆಗಿಯೇ ತಾನೆ? ಅದನ್ನ ಅನ್‌ಸೇಫ್ ಒಳಗೆ ಸುತ್ತಿ ಇನ್ನೊಂದು ಥ್ರೆಡ್‌ಗೆ ದಾಟಿಸಿದ್ರೆ ರಸ್ಟೂ ಬೀಳುತ್ತೆ.

ತುಕ್ಕುಹಿಡಿದವ
ಅಕ್ಕಾ, ದಾಟಿಸೋಕೆ ಮುಂಚೆ "ಇದು ಸೆಂಡ್ ಅಲ್ಲ", ಅಂದ್ರೆ ಇನ್ನೊಂದು ಥ್ರೆಡ್‌ಗೆ ಕಳಿಸೋ ಹಾಗಿಲ್ಲ, ಅಂತ ತಡೆಯುತ್ತಲ್ಲ, ಅದನ್ನೇ ನಾನು ಹೇಳಿದ್ದು. ಬೀಳಬೇಕು ಅಂದ್ರೆ ಕೈಯಾರೆ ಸಹಿ ಹಾಕಿ ಬೀಳ್ಬೇಕು.

ನಿರ್ವಾಹಕ
ಭಾಷಾ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಸಿ.

ಕರಾವಳಿ_ಕೋಡರ್
ಗಾಜನೂರು ಭಟ್ರೇ (ಭಟ್ರೋ ಅಲ್ವೋ, ಕರೆದುಬಿಟ್ಟೆ), ನೀವು ಲ್ಯಾಪ್‌ಟಾಪಲ್ಲಿ ಕಟ್ಟಿ ವಿಪಿಎಸ್‌ಗೆ ಹಾಕುವುದಾ? ಅಲ್ಲಿ ಲೋಡ್ ಆಗಿದೆ ಅಂದ್ರೆ ನಿಮ್ಮ ಅದೃಷ್ಟ ಉಂಟು ಮಾರಾಯ್ರೆ. ನನಗೆ ಅಲ್ಲಿಗೆ ಮುಟ್ಟುವುದೇ ದೊಡ್ಡ ಯಾತ್ರೆ ಆಗಿತ್ತು.

ಮೊದಲು 64 ಬಿಟ್‌ಗೆ ಕಟ್ಟಿದೆ. ಸ್ಯಾಂಪ್ ಸರ್ವರ್ 32 ಬಿಟ್, ಹಾಗಾಗಿ ಅದು "ತಪ್ಪು ಇಎಲ್‌ಎಫ್ ವರ್ಗ" ಅಂತ ಮುಖಕ್ಕೆ ಬಾಗಿಲು ಹಾಕಿತು. ಎಂ32 ಆಯ್ಕೆ ಕೊಟ್ಟೆ, ಆಗ ಜಿಸಿಸಿ ಕಂಪೈಲರಿಗೆ ಹೆಡರ್ ಸಿಗ್ತಿಲ್ಲ, ಮಲ್ಟಿಲಿಬ್ ಪ್ಯಾಕೇಜ್ ಹಾಕ್ಬೇಕಂತೆ. ಹಾಕಿದೆ. ಆಮೇಲೆ ವಿಪಿಎಸ್‌ನಲ್ಲಿ "ಜಿಲಿಬ್‌ಸಿ 2.34 ಸಿಗಲಿಲ್ಲ" (ಜಿಲಿಬ್‌ಸಿ ಅಂದ್ರೆ ಲಿನಕ್ಸಿನ ಮುಖ್ಯ ಸಿ ಲೈಬ್ರರಿ). ಇದು ಮಾತ್ರ ತಲೆ ತಿಂದದ್ದು. ನಾನು 2.34ರ ಹೊಸ ಸೌಲಭ್ಯ ಏನೂ ಬಳಸ್ಲೇ ಇಲ್ಲ! ನೋಡಿದ್ರೆ ಕತೆ ಹೀಗೆ: 2.34ರಲ್ಲಿ, ಅಂದ್ರೆ 2021ರಲ್ಲಿ, ಥ್ರೆಡ್‌ಗಳ ಪಿಥ್ರೆಡ್ ಲೈಬ್ರರಿಯನ್ನು ಮುಖ್ಯ ಸಿ ಲೈಬ್ರರಿಯೊಳಗೇ ಸೇರಿಸಿಬಿಟ್ರು. ಹಾಗಾಗಿ ಉಬುಂಟು 22.04ರಲ್ಲಿ ಥ್ರೆಡ್ ಹುಟ್ಟಿಸುವ ಒಂದು ಕರೆ ಇದ್ರೂ ಸಾಕು, ಆ ಪ್ಲಗಿನ್ ಹಳೆ ಸಿಸ್ಟಮ್‌ನಲ್ಲಿ ಲೋಡ್ ಆಗುವುದಿಲ್ಲ. ಈಗ ನಾನು ಡೆಬಿಯನ್ 10ರ ಡಾಕರ್ ಡಬ್ಬಿ ಇಟ್ಟುಕೊಂಡು ಅದರೊಳಗೇ ಕಟ್ಟುವುದು. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುದಿಲ್ಲ.

ಸೆಗ್‌ಫಾಲ್ಟ್_ಸೀನ
ವಿಂಡೋಸ್‌ನವರ ಕಷ್ಟ ಯಾರೂ ಕೇಳಲ್ಲ ಬಿಡಿ. ಎಸ್‌ಟಿಡಿಕಾಲ್ ಅನ್ನೋ ಫಂಕ್ಷನ್ ಕರೆಯೋ ಪದ್ಧತಿಯಿಂದಾಗಿ ಲೋಡ್ ಫಂಕ್ಷನ್ ಹೆಸರಿಗೆ ಮುಂದೊಂದು ಅಡಿಗೆರೆ, ಹಿಂದೆ ಅಟ್ ಚಿಹ್ನೆ, ಅದರ ಪಕ್ಕ 4. ಸರ್ವರ್ "ಲೋಡ್" ಹುಡುಕುತ್ತೆ, ಸಿಗಲ್ಲ, ಪ್ಲಗಿನ್ ಬೇಡ ಅನ್ನುತ್ತೆ. ಡೆಫ್ ಫೈಲ್ (ಹೊರಗೆ ಕಾಣೋ ಹೆಸರುಗಳ ಪಟ್ಟಿ) ಬರೀಬೇಕು ಅಂತ ಹೇಳೋಕೆ ಒಬ್ರೂ ಇರ್ಲಿಲ್ಲ ನಂಗೆ.

ಹಳೇ_ಕೆಫೆ
ಈ ಹುಡುಗರ ಮಾತು ಕೇಳಿ ಖುಷಿ ಆಯ್ತು. ನಮ್ಮ ಕಾಲದ್ದು ಸ್ವಲ್ಪ ಹೇಳ್ಲಾ?

ಕೌಂಟರ್ ಸ್ಟ್ರೈಕ್ 1.6 ಕಾಲ. ವಿಜಯನಗರದಲ್ಲಿ ಒಂದು ಬ್ರೌಸಿಂಗ್ ಸೆಂಟರ್, ಭಾನುವಾರ ಬೆಳಿಗ್ಗೆ ಹೋದ್ರೆ ಸಂಜೆವರೆಗೂ ಡಸ್ಟ್2 ಮ್ಯಾಪ್. ಸರ್ವರ್ ನೋಡ್ಕೊಳ್ಳೋ ಕೆಲಸ ನನ್ನ ತಲೆಗೆ ಕಟ್ಟಿದ್ರು. ಅಲ್ಲಿ ಮೆಟಾಮಾಡ್ ಅಂತ ಇತ್ತು. ಅದರ ಮೇಲೆ ಎಎಂಎಕ್ಸ್ ಮಾಡ್ ಎಕ್ಸ್. ಹೆಸರಲ್ಲಿ ಎಎಂಎಕ್ಸ್ ನೋಡಿ, ಅಲ್ಲೂ ಇದೇ ಪಾನ್ ಭಾಷೆ. ಎಂಜಿನ್ನಿಗೂ ಆಟದ ಡಿಎಲ್‌ಎಲ್‌ಗೂ ನಡುವೆ ಮೆಟಾಮಾಡ್ ಕೂತ್ಕೊಂಡು ಎರಡೂ ಕಡೆ ಕರೆಗಳನ್ನ ಹಿಡೀತಿತ್ತು. ನಿಮ್ಮ ಪ್ಲಗಿನ್ ಪ್ರತಿ ಕರೆಗೂ ಉತ್ತರ ಹೇಳ್ಬೇಕು: ನಾನು ಗಮನಿಸಿಲ್ಲ, ಗಮನಿಸಿದೆ, ಉತ್ತರ ಬದಲಿಸಿದೆ, ಇಲ್ಲಾ ಮೂಲ ಫಂಕ್ಷನ್ ಕರೀಲೇಬೇಡ. ಈ ಕೊನೇದನ್ನ ಎಲ್ಲೆಂದ್ರಲ್ಲಿ ಹಾಕಿದವನ ಸರ್ವರ್‌ನಲ್ಲಿ ಗೋಡೆಯೊಳಗಿಂದ ಜನ ನಡೀತಿದ್ರು.

ಇವೆಲ್ಲದರ ಅಜ್ಜ ಕ್ವೇಕ್ 2. 1997ರ ಆಟ, 2001ರ ಕೊನೇಲಿ ಅದರ ಸೋರ್ಸ್ ಜಿಪಿಎಲ್ ಅನ್ನೋ ಮುಕ್ತ ಪರವಾನಗಿಯಲ್ಲಿ ಬಿಟ್ರು. ಅದರ ಆಟದ ಲೈಬ್ರರಿ ಶುದ್ಧ ಸಿ. ಗೆಟ್‌ಗೇಮ್‌ಎಪಿಐ ಅಂತ ಒಂದೇ ಒಂದು ಫಂಕ್ಷನ್ ಹೊರಗೆ ಕಾಣುತ್ತೆ. ಎಂಜಿನ್ ತನ್ನ ಫಂಕ್ಷನ್ ಪಾಯಿಂಟರ್‌ಗಳ ಸ್ಟ್ರಕ್ಟ್ ಕೊಡುತ್ತೆ, ಆಟ ತನ್ನ ಸ್ಟ್ರಕ್ಟ್ ವಾಪಸ್ ಕೊಡುತ್ತೆ. ಕೊಡು-ತಗೋ, ಮುಗೀತು. ಸ್ಯಾಂಪ್‌ನ ಲೋಡ್‌ಗೆ ಬರೋ ವಾಯ್ಡ್ ಪಾಯಿಂಟರ್‌ಗಳ ಅರೇ ಇದೆಯಲ್ಲ, ಸೊನ್ನೆಯ ಜಾಗದಲ್ಲಿ ಲಾಗ್‌ಪ್ರಿಂಟ್‌ಎಫ್, 16ನೇ ಜಾಗದಲ್ಲಿ ಎಎಂಎಕ್ಸ್ ಫಂಕ್ಷನ್‌ಗಳ ಪಟ್ಟಿ, ಅದೂ ಅದೇ ಮನೆತನ. ಸಿ ಪ್ಲಗಿನ್ ಕಲಿಯೋರು ಮೊದಲು ಕ್ವೇಕ್ 2ರ ಗೇಮ್ ಫೋಲ್ಡರ್ ಓದಿ. ಎಷ್ಟು ನೀಟಾಗಿದೆ ಅಂದ್ರೆ, ಓದಿ ಅಷ್ಟೇ.

ಬನಶಂಕರಿ_ಬ್ರೋ
ಅಣ್ಣಾ ವಿಜಯನಗರದಲ್ಲಿ ಯಾವ ಕೆಫೆ? ಮೆಟ್ಟಿಲು ಹತ್ತಿ ಹೋಗೋದಾ, ಒಳಗೆ ಎಸಿ ಇಲ್ಲದೇ ಬೇಯ್ತಿತ್ತಲ್ಲ ಅದಾ?

ಹಳೇ_ಕೆಫೆ
ಎಲ್ಲಾ ಕೆಫೆನೂ ಮೆಟ್ಟಿಲು ಹತ್ತೇ ಹೋಗ್ತಿತ್ತು, ಎಲ್ಲೂ ಎಸಿ ಇರ್ಲಿಲ್ಲ ಮಗಾ.

ಪಾಯಿಂಟರ್_ಪುಟ್ಟಿ
ಕೆಫೆ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕ್ವೇಕ್ 3ರಲ್ಲಿ ಇದೇ ಜನ ದಾರಿ ಬದಲಿಸಿದ್ರು. ಮಾಡ್‌ಗಳನ್ನ ಸಿನಲ್ಲೇ ಬರೀರಿ, ಆದ್ರೆ ಎಲ್‌ಸಿಸಿ ಕಂಪೈಲರ್‌ನಿಂದ ಕ್ಯೂವಿಎಂ ಅನ್ನೋ ಬೈಟ್‌ಕೋಡ್ ಮಾಡಿ ಅಂದ್ರು. ಅದರ ಮೆಮೊರಿ ವಿಳಾಸಗಳಿಗೆ ಮಾಸ್ಕ್ ಹಾಕಿ ಓಡಿಸೋದು, ಹಾಗಾಗಿ ತಪ್ಪು ಪಾಯಿಂಟರ್ ತನ್ನ ಪೆಟ್ಟಿಗೆ ದಾಟಿ ಎಂಜಿನ್‌ನ ಮೆಮೊರಿ ಮುಟ್ಟಲ್ಲ. ಅಂದ್ರೆ ಬಸವ ಅವರು ಹೇಳಿದ ಗಂಡಾಂತರ ಅವರಿಗೂ ಗೊತ್ತಿತ್ತು. ಸ್ಯಾಂಪ್‌ನಲ್ಲಿ ಆ ಪೆಟ್ಟಿಗೆ ಅಂದ್ರೆ ಪಾನ್. ಪ್ಲಗಿನ್ ಬರೆದ ಕ್ಷಣ ಪೆಟ್ಟಿಗೆ ಹೊರಗೆ ಬಂದ ಹಾಗೆ.

ಗಾಜನೂರು_ಗೆಳೆಯ
ಅಪ್‌ಡೇಟ್. ಪುಟ್ಟಿ ಮೇಡಂ ಹೇಳಿದ ಹಾಗೆ ಕ್ಯೂ ಮಾಡಿ ಪ್ರೋಸೆಸ್‌ಟಿಕ್‌ಗೆ ತಂದೆ. ಕ್ರ್ಯಾಶ್ ಬಹಳ ಕಡಿಮೆ ಆಯ್ತು, ಆದ್ರೆ ನಿಂತಿಲ್ಲ. ನಿನ್ನೆ ರಾತ್ರಿ ಮತ್ತೆ ಬಿತ್ತು. ಜೊತೆಗೆ ಒಂದು ವಿಚಿತ್ರ: ಒಂದೊಂದ್ಸಲ ನನ್ನ ಪಬ್ಲಿಕ್ ಫಂಕ್ಷನ್ ಕರೆಯೋದೇ ಇಲ್ಲ.

ಪಾಯಿಂಟರ್_ಪುಟ್ಟಿ
ಎರಡನೇದಕ್ಕೆ ಉತ್ತರ ಊಹೆ ಮಾಡ್ಬಲ್ಲೆ. ಎಎಂಎಕ್ಸ್ ಪಾಯಿಂಟರ್ ಇಡೋಕೆ ಒಂದೇ ಗ್ಲೋಬಲ್ ಇದ್ಯಾ? ಎಎಂಎಕ್ಸ್‌ಲೋಡ್ ಪ್ರತಿ ಸ್ಕ್ರಿಪ್ಟ್‌ಗೂ ಒಂದೊಂದ್ಸಲ ಬರುತ್ತೆ. ಗೇಮ್‌ಮೋಡ್‌ಗೆ (ಮುಖ್ಯ ಸ್ಕ್ರಿಪ್ಟ್) ಒಂದು, ಪ್ರತಿ ಫಿಲ್ಟರ್‌ಸ್ಕ್ರಿಪ್ಟ್‌ಗೆ (ಜೊತೆಗೆ ಓಡೋ ಪಕ್ಕದ ಸ್ಕ್ರಿಪ್ಟ್, ಬೈಗುಳದ ಫಿಲ್ಟರ್ ಅಲ್ಲ) ಒಂದು. ಕೊನೆಗೆ ಲೋಡ್ ಆದದ್ದು ನಿಮ್ಮ ಗ್ಲೋಬಲ್ ಮೇಲೆ ಕೂತ್ಕೊಳ್ಳುತ್ತೆ, ನೀವು ಅದರಲ್ಲಿ ಪಬ್ಲಿಕ್ ಹುಡುಕ್ತೀರಿ, ಅದರಲ್ಲಿ ಇರಲ್ಲ. ಪಟ್ಟಿ ಇಟ್ಕೊಳ್ಳಿ. ಎಎಂಎಕ್ಸ್‌ಅನ್‌ಲೋಡ್‌ನಲ್ಲಿ ತೆಗೀರಿ, ಕ್ಯೂನಲ್ಲಿ ಆ ಸ್ಕ್ರಿಪ್ಟಿಗೆ ಕಾಯ್ತಿರೋ ಫಲಿತಾಂಶಗಳನ್ನೂ ತೆಗೀರಿ. ಜಿಎಂಎಕ್ಸ್ ಕಮಾಂಡ್ ಹೊಡೆದು ಗೇಮ್‌ಮೋಡ್ ರೀಸ್ಟಾರ್ಟ್ ಮಾಡಿದಾಗ ಹಳೇ ಪಾಯಿಂಟರ್ ಸತ್ತಿರುತ್ತೆ.

ಇನ್ನೊಂದು, ಪಬ್ಲಿಕ್‌ಗೆ ಸ್ಟ್ರಿಂಗ್ ಪುಷ್ ಮಾಡಿದ್ಮೇಲೆ ಎಕ್ಸೆಕ್ ಮುಗಿದ ತಕ್ಷಣ ರಿಲೀಸ್ ಮಾಡ್ತಿದೀರಾ? ಇಲ್ದಿದ್ರೆ ಪಾನ್ ಹೀಪ್ ಸ್ವಲ್ಪ ಸ್ವಲ್ಪವೇ ತಿಂದು, ಒಂದು ದಿನ ಸ್ಟ್ಯಾಕಿಗೆ ಡಿಕ್ಕಿ.

ಮೊದಲನೇದಕ್ಕೆ ಊಹೆ ಬೇಡ. ಕ್ರ್ಯಾಶ್‌ಡಿಟೆಕ್ಟ್ ಪ್ಲಗಿನ್ ಹಾಕಿ, ಪಾನನ್ನ ಡಿ3 ಆಯ್ಕೆ ಕೊಟ್ಟು ಕಂಪೈಲ್ ಮಾಡಿ. ಆಗ ಯಾವ ಸಾಲಿನಿಂದ ಯಾವ ನೇಟಿವ್ ಕರೆದಾಗ ಬಿತ್ತು ಅಂತ ಲಾಗ್‌ನಲ್ಲಿ ಬರುತ್ತೆ.

ಬನಶಂಕರಿ_ಬ್ರೋ
ಒಂದು ನಿಮಿಷ ತಡೀರಿ. ಗಾಜನೂರು, ನಿಮ್ಮದು ಆ ಶಿವಮೊಗ್ಗದ ಹುಡುಗರ ಸರ್ವರ್ ಅಲ್ವಾ? ನಾನು "ಕಟ್ಟೆ ಹತ್ರ ಬಾ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದಕ್ಕೆ ಮ್ಯೂಟ್ ಆದೆ!! ನಿಮ್ಮ ಪ್ಲಗಿನ್ನೇನಾ ಅದು?

ಗಾಜನೂರು_ಗೆಳೆಯ
ಹೌದು ಬ್ರೋ... ಪಟ್ಟಿಯಲ್ಲಿ "ಕತ್ತೆ" ಇದೆ. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ ಥರ.

ಸೆಗ್‌ಫಾಲ್ಟ್_ಸೀನ
ಕತ್ತೆ ಅಂದಿದ್ದಕ್ಕೆ ಮ್ಯೂಟಾ? ಅಂಥಾ ಸಭ್ಯರ ಊರಾ ನಿಮ್ದು?

ಶರಾವತಿ
ನಗಬೇಡಿ, ಇದು ಕ್ರ್ಯಾಶ್‌ಗಿಂತ ಕಷ್ಟದ ಸಮಸ್ಯೆ. ನಾನು ಬೇರೊಂದು ಆಟದ ಗುಂಪಿಗೆ ಇದೇ ಕೆಲಸ ಮಾಡಿದ್ದೇನೆ.

ನೀವು ಪದದ ಒಳಗೆಲ್ಲಾದರೂ ಸಿಕ್ಕರೆ ಹಿಡಿಯುತ್ತೀರಿ ಅಂತ ಕಾಣುತ್ತದೆ. ಹಾಗಾದರೆ ಊರ ಹೆಸರು, ಮನೆತನದ ಹೆಸರು ಎಲ್ಲಾ ಬಲೆಗೆ ಬೀಳುತ್ತವೆ. ಪೂರ್ತಿ ಪದ ಹೊಂದಿದರೆ ಮಾತ್ರ ಹಿಡಿ ಅಂದರೆ ಇಂಗ್ಲಿಷಿಗೆ ಅದು ಸಾಕು, ಕನ್ನಡಕ್ಕೆ ಸಾಲದು. ನಮ್ಮ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ಬೈಗುಳದ ಬಾಲಕ್ಕೆ "ನ", "ಗೆ", "ಗಳು", "ಏ" ಸೇರಿದರೆ ಪದವೇ ಬೇರೆಯಾಯಿತು, ಫಿಲ್ಟರ್ ಸುಮ್ಮನಾಯಿತು. ನಾನು ಮಾಡಿದ್ದು: ಪದದ ಶುರುವಿನಲ್ಲಿ ಹೊಂದಬೇಕು, ಆಮೇಲೆ ಉಳಿದ ಬಾಲ ಒಂದು ಸಣ್ಣ ಪ್ರತ್ಯಯಪಟ್ಟಿಯಲ್ಲಿ ಇರಬೇಕು. ಎರಡೂ ಆದರೆ ಮಾತ್ರ ಕೆಟ್ಟ ಪದ.

ಹುಡುಕುವ ಮುನ್ನ ಕಾಗುಣಿತವನ್ನು ಸಮ ಮಾಡಿಕೊಳ್ಳಿ. ಒಂದೇ ಸ್ವರ ಹತ್ತು ಸಲ ಒತ್ತಿದ್ದರೆ ಒಂದಕ್ಕೆ ಇಳಿಸಿ, ಟಿಎಚ್ ಮತ್ತು ಟಿ ಒಂದೇ ಅಂತ ತಿಳಿಯಿರಿ, ಡಬ್ಲ್ಯೂ ಮತ್ತು ವಿ ಒಂದೇ. ಅಷ್ಟಾದರೂ ಕಟ್ಟೆ-ಕತ್ತೆ ಬೇರೆಯಾಗುವುದಿಲ್ಲ. ಅಂಥವನ್ನು ಪಟ್ಟಿಯಿಂದ ತೆಗೆದುಬಿಡಿ. ಮೆದುವಾದ ಬೈಗುಳಕ್ಕೆ ಯಾರೂ ಸಾಯುವುದಿಲ್ಲ.

ಬನಶಂಕರಿ_ಬ್ರೋ
ಮೆದುವಾದ ಬೈಗುಳ 😂 ನನ್ನ ಅನ್‌ಮ್ಯೂಟ್ ಮಾಡಿ ಮೊದ್ಲು.

ಬಿಟ್‌ಬಸವ
ಶರಾವತಿ ಅವರು ಹೇಳಿದ್ದೆಲ್ಲಾ ಪಾನ್‌ನಾಗೂ ಆಗ್ತದ. ನಾ ಸುಮ್ನ ಹೇಳಿದೆ.

ತುಕ್ಕುಹಿಡಿದವ
ಸಿನಲ್ಲಿ ಅಕ್ಷರ ಸಣ್ಣದು ಮಾಡೋವಾಗ ಹುಷಾರು. ಚಾರ್ ಎಕ್ಸ್86ನಲ್ಲಿ ಸೈನ್ಡ್. ಇಂಗ್ಲಿಷೇತರ ಬೈಟ್ ಬಂದ್ರೆ ಋಣ ಸಂಖ್ಯೆ ಆಗುತ್ತೆ, ಅದನ್ನ ನೇರ ಟುಲೋವರ್‌ಗೆ ಕೊಟ್ರೆ ಕ್ರ್ಯಾಶ್. ಬಹುಶಃ ಅದೇ ನಿಮ್ಮ ಬಗ್.

ಪಾಯಿಂಟರ್_ಪುಟ್ಟಿ
ನಿಯಮದ ಪ್ರಕಾರ ತಪ್ಪು, ಅನ್‌ಸೈನ್ಡ್ ಚಾರ್‌ಗೆ ಕಾಸ್ಟ್ ಮಾಡ್ಲೇಬೇಕು. ಆದ್ರೆ ಅವರ ಬಗ್ ಅದಲ್ಲ. ಜಿಲಿಬ್‌ಸಿಯ ಟೇಬಲ್ ಮೈನಸ್ 128ರಿಂದ 255ರವರೆಗೆ ಇದೆ, ಸೈನ್ಡ್ ಚಾರ್ ಕೊಟ್ರೂ ಬೀಳಲ್ಲ. ವಿಂಡೋಸ್‌ನ ಡೀಬಗ್ ಬಿಲ್ಡ್‌ನಲ್ಲಿ ಇಸ್‌ಆಲ್ಫಾ ಥರದವು ಅಸರ್ಟ್ ಹೊಡೀತವೆ. ಇವರದ್ದು ಲಿನಕ್ಸ್.

ತುಕ್ಕುಹಿಡಿದವ
ಸರಿ, ಈ ಸುತ್ತು ನಿಮ್ದು.

ಗಾಜನೂರು_ಗೆಳೆಯ
ಕ್ರ್ಯಾಶ್‌ಡಿಟೆಕ್ಟ್ ಸಿಕ್ಕಿಸ್ತು! ಬಿದ್ದಿದ್ದು ನನ್ನ ಫಿಲ್ಟರ್ ನೇಟಿವ್ ಒಳಗೆ. ಆದ್ರೆ ಕರೆದಿದ್ದು ಚಾಟ್‌ನಿಂದ ಅಲ್ಲ, ಡೈಲಾಗ್ ರೆಸ್ಪಾನ್ಸ್ ಕಾಲ್‌ಬ್ಯಾಕ್‌ನಿಂದ. ಜಾಹೀರಾತು ಹಾಕೋಕೆ ಒಂದು ಡೈಲಾಗ್ ಇದೆ, ಅಲ್ಲಿ ಬರೆದಿದ್ದನ್ನೂ ಫಿಲ್ಟರ್‌ಗೆ ಕೊಡ್ತೀವಿ. ನೇಟಿವ್‌ನ ಮೊದಲ ಕೆಲಸವೇ ಎಸ್‌ಡಿಕೆಯಲ್ಲಿರೋ (ಪ್ಲಗಿನ್ ಬರೆಯೋಕೆ ಕೊಟ್ಟಿರೋ ಫೈಲ್‌ಗಳು) ಸ್ಟ್ರ್‌ಪ್ಯಾರಮ್ ಮ್ಯಾಕ್ರೊದಿಂದ ಪಠ್ಯ ತಗೊಳ್ಳೋದು, ಆಮೇಲೆ ಸ್ಟ್ರ್‌ಲೆನ್‌ನಿಂದ ಉದ್ದ ಅಳೆಯೋದು. ಇಷ್ಟರಲ್ಲಿ ಬೀಳೋಕೆ ಏನಿದೆ?

ಕರಾವಳಿ_ಕೋಡರ್
ಓ ಮಾರಾಯ್ರೆ, ಸ್ಟ್ರ್‌ಪ್ಯಾರಮ್! ಅದರ ಹೊಟ್ಟೆಯೊಳಗೆ ಏನುಂಟು ನೋಡಿ ಒಮ್ಮೆ. ವಿಳಾಸ ತೆಗೀತದೆ, ಉದ್ದ ಅಳೀತದೆ, ಉದ್ದ ಸೊನ್ನೆಗಿಂತ ಜಾಸ್ತಿ ಇದ್ರೆ ಮಾತ್ರ ಅಲೋಕಾದಿಂದ ಸ್ಟ್ಯಾಕ್‌ನಲ್ಲಿ ಜಾಗ ಮಾಡಿ ನಕಲು ಹೊಡೀತದೆ. ಉದ್ದ ಸೊನ್ನೆ ಆದ್ರೆ? ಖಾಲಿ ಸ್ಟ್ರಿಂಗ್ ಕೊಡುದಿಲ್ಲ. ನಲ್ ಕೊಡ್ತದೆ, ಅಂದ್ರೆ ಎಲ್ಲಿಗೂ ತೋರಿಸದ ಪಾಯಿಂಟರ್!

ಚಾಟ್‌ನಲ್ಲಿ ಖಾಲಿ ಸಾಲು ಕಳಿಸ್ಲಿಕ್ಕೆ ಆಗುದಿಲ್ಲ, ಹಾಗಾಗಿ ಅಲ್ಲಿ ಬೀಳ್ಲಿಲ್ಲ. ಡೈಲಾಗ್‌ನಲ್ಲಿ ಏನೂ ಬರೀದೆ ಸರಿ ಅಂತ ಒತ್ತಿದ್ರೆ ಖಾಲಿ ಪಠ್ಯ ಬರ್ತದೆ. ಸ್ಟ್ರ್‌ಲೆನ್‌ಗೆ ನಲ್ ಹೋಯ್ತು, ಸರ್ವರ್ ಹೋಯ್ತು.

ಗಾಜನೂರು_ಗೆಳೆಯ
ಪರೀಕ್ಷೆ ಮಾಡ್ದೆ. ಡೈಲಾಗ್ ತೆರೆದು ಖಾಲಿ ಬಿಟ್ಟು ಎಂಟರ್ ಹೊಡೆದೆ, ತಕ್ಷಣ ಬಿತ್ತು. ಪ್ರತಿ ಸಲ. ಕೋಡರ್ ಅಣ್ಣ, ನಿಮಗೆ ದೊಡ್ಡ ನಮಸ್ಕಾರ.

ಸೆಗ್‌ಫಾಲ್ಟ್_ಸೀನ
ಅಂದ್ರೆ ಯಾರು ಬೇಕಾದ್ರೂ ಒಂದು ಎಂಟರ್ ಒತ್ತಿ ಸರ್ವರ್ ಬೀಳಿಸಬಹುದಿತ್ತು. ಬೈಗುಳವೇ ಬೇಕಿರ್ಲಿಲ್ಲ. ಮೌನ ಸಾಕು.

ಬಿಟ್‌ಬಸವ
ಇದು ಮ್ಯಾಕ್ರೊ ತಪ್ಪಲ್ಲೇನ್ರೀ? ಖಾಲಿ ಸ್ಟ್ರಿಂಗೂ ಸ್ಟ್ರಿಂಗೇ. ಅದಕ್ಕ ನಲ್ ಕೊಡೋದು ಯಾವ ನ್ಯಾಯ?

ಪಾಯಿಂಟರ್_ಪುಟ್ಟಿ
ನ್ಯಾಯ ಅಲ್ಲ ಬಸವ ಸರ್, ಆದ್ರೆ ಅದು ಪಾನ್ ಬಳಗದಿಂದ ಬಂದ ಹಳೇ ಹೆಡರ್, ಬದಲಾಗಲ್ಲ. ಮೇಲಾಗಿ ಅಲೋಕಾ ಬಳಸುತ್ತೆ, ಅಂದ್ರೆ ಆಟಗಾರ ಕೊಟ್ಟ ಉದ್ದಕ್ಕೆ ತಕ್ಕ ಹಾಗೆ ನಿಮ್ಮ ಸ್ಟ್ಯಾಕ್ ಹಿಗ್ಗುತ್ತೆ. ಲೂಪ್ ಒಳಗೆ ಕರೆದ್ರೆ ಫಂಕ್ಷನ್ ಮುಗಿಯೋವರೆಗೂ ಆ ಜಾಗ ವಾಪಸ್ ಬರಲ್ಲ. ನಾನಂತೂ ಆ ಮ್ಯಾಕ್ರೊ ಮುಟ್ಟಲ್ಲ. ಗೆಟ್‌ಅಡ್ರ್, ಆಮೇಲೆ ನಿಗದಿತ ಗಾತ್ರದ ನನ್ನದೇ ಬಫರ್, ಗೆಟ್‌ಸ್ಟ್ರಿಂಗ್‌ಗೆ ಆ ಬಫರಿನ ಗಾತ್ರ. ಖಾಲಿ ಬಂದ್ರೆ ಖಾಲಿ, ಉದ್ದ ಬಂದ್ರೆ ಕತ್ತರಿ.

ತಮಾಷೆ ಅಂದ್ರೆ ಸಿ++ನಲ್ಲಿ ಬರೆಯೋರಿಗೆ ಆ ಮ್ಯಾಕ್ರೊ ಹಾಗೇ ಕಂಪೈಲೇ ಆಗಲ್ಲ. ವಾಯ್ಡ್ ಪಾಯಿಂಟರ್‌ನ ಚಾರ್ ಪಾಯಿಂಟರ್‌ಗೆ ಕಾಸ್ಟ್ ಇಲ್ಲದೆ ಸಿ++ ಒಪ್ಪಲ್ಲ. ಹಾಗಾಗಿ ಅವರು ತಮ್ಮದೇ ಬರ್ಕೊಂಡು ಬಚಾವ್. ಶುದ್ಧ ಸಿನವರು ಮಾತ್ರ ಬಲೆಗೆ.

ಅಲ್ಲೇ ಇರುವಾಗ ಪ್ಯಾರಮ್ಸ್ ಸೊನ್ನೆಯ ಜಾಗನೂ ನೋಡಿ. ಅಲ್ಲಿ ಫಂಕ್ಷನ್‌ಗೆ ಎಷ್ಟು ವಾದ (ಆರ್ಗ್ಯುಮೆಂಟ್) ಬಂದಿವೆ ಅನ್ನೋದು ಬೈಟ್ ಲೆಕ್ಕದಲ್ಲಿರುತ್ತೆ, ಒಂದು ಸೆಲ್‌ಗೆ 4. ಇನ್‌ಕ್ಲೂಡ್ ಫೈಲ್ ಹಳೇದು, ಪ್ಲಗಿನ್ ಹೊಸದು ಅಂತಾದ್ರೆ ಇಲ್ಲದ ವಾದ ಓದಿ ಕೂತಿರ್ತೀರಿ.

ಹಳೇ_ಕೆಫೆ
ಈ ಹುಡುಗಿ ನಮ್ಮ ಕೆಫೆಯಲ್ಲಿ ಇರ್ಬೇಕಿತ್ತು.

ಬನಶಂಕರಿ_ಬ್ರೋ
ಸಮಸ್ಯೆ ಬಗೆಹರೀತು ಅಂದ್ಮೇಲೆ ನಂದೊಂದು. ಆಟದೊಳಗೆ ಕನ್ನಡ ಅಕ್ಷರಾನೇ ತರೋಕೆ ಪ್ಲಗಿನ್ ಬರೀಬಹುದಾ? ಸ್ವಾಗತ ಸಂದೇಶ ಕನ್ನಡದಲ್ಲಿ ಹಾಕಿದ್ರೆ ಕಸ ಕಸ ಬರುತ್ತೆ.

ಶರಾವತಿ
ಸರ್ವರ್ ಪ್ಲಗಿನ್‌ನಿಂದ ಆಗುವುದಿಲ್ಲ. ಸ್ಯಾಂಪ್ ಕ್ಲೈಂಟ್ ಯೂನಿಕೋಡ್ ಅಲ್ಲ, ವಿಂಡೋಸ್‌ನ ಹಳೆಯ ಕೋಡ್‌ಪೇಜ್ ಲೆಕ್ಕದಲ್ಲಿ ಒಂದು ಬೈಟಿಗೆ ಒಂದು ಅಕ್ಷರ ಅಂತ ಬಿಡಿಸುತ್ತದೆ. ರಷ್ಯನ್ನರಿಗೆ 1251 ಇದೆ, ಅವರ ಸರ್ವರ್‌ಗಳಲ್ಲಿ ಸಿರಿಲಿಕ್ ಬರುತ್ತದೆ. ಕನ್ನಡಕ್ಕೆ ಅಂಥ ಕೋಡ್‌ಪೇಜನ್ನು ವಿಂಡೋಸ್ ಕೊಡಲೇ ಇಲ್ಲ, ನೇರ ಯೂನಿಕೋಡ್. ನೀವು ಹಾಕಿದ ಒಂದೊಂದು ಕನ್ನಡ ಅಕ್ಷರವೂ ಯುಟಿಎಫ್-8ರಲ್ಲಿ 3 ಬೈಟ್, ಅಲ್ಲಿ ಮೂರು ಕಸದ ಅಕ್ಷರ.

ಗಾಜನೂರು_ಗೆಳೆಯ
ಇದೇ ನನ್ನ ಮುಂದಿನ ತಲೆನೋವು. ಡಿಸ್ಕಾರ್ಡ್‌ನಲ್ಲಿ ಅಡ್ಮಿನ್‌ಗಳು ಕನ್ನಡದಲ್ಲೇ ಉತ್ತರ ಬರೀತಾರೆ. ಅದನ್ನ ಆಟದೊಳಗೆ ತೋರಿಸ್ಬೇಕು. ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸೋದು ಸಿನಲ್ಲಿ ಕಷ್ಟನಾ?

ಶರಾವತಿ
ಕಷ್ಟವಲ್ಲ, ಸಿಗೆ ಹೇಳಿ ಮಾಡಿಸಿದ ಕೆಲಸ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳ ಒಂದೇ ಓಣಿ. ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಇಲ್ಲವೇ 179. ಮೂರನೆಯದು 128ರಿಂದ 191ರ ಒಳಗೆ. ಅಂದರೆ ಎರಡನೆಯ ಬೈಟ್ 178 ಆದರೆ ಮೂರನೆಯದರಿಂದ 128 ಕಳೆಯಿರಿ, 179 ಆದರೆ 64 ಕಳೆಯಿರಿ. ಸೊನ್ನೆಯಿಂದ 127ರವರೆಗಿನ ಒಂದು ಸೂಚಿ ಸಿಕ್ಕಿತು. 128 ಪಾಯಿಂಟರ್‌ಗಳ ಟೇಬಲ್ ಒಂದು, ಕೆಲಸ ಮುಗಿಯಿತು ಅನ್ನಿಸುತ್ತದೆ.

ಮುಗಿಯುವುದಿಲ್ಲ, ಯಾಕೆಂದರೆ ವ್ಯಂಜನದ ಒಳಗೆ ಅಕಾರ ಅಡಗಿದೆ. ಕ ಅಂದರೆ 224, 178, 149. ಅದನ್ನು ಕಂಡ ತಕ್ಷಣ "ಕ" ಅಂತ ಬರೆದುಬಿಟ್ಟರೆ, ಮುಂದೆ ಗುಣಿತಾಕ್ಷರದ ಚಿಹ್ನೆ ಬಂದಾಗ "ಕಇ" ಆಗುತ್ತದೆ. ಹಾಗಾಗಿ ವ್ಯಂಜನ ಬಂದರೆ ಬರೀ ಕ್ ಬರೆದು, "ಅಕಾರ ಬಾಕಿ" ಅಂತ ಒಂದು ಫ್ಲ್ಯಾಗ್ ಎತ್ತಿಡಿ. ಮುಂದಿನದು ಸ್ವರಚಿಹ್ನೆ ಆದರೆ ಫ್ಲ್ಯಾಗ್ ಇಳಿಸಿ ಆ ಸ್ವರ ಬರೆಯಿರಿ. ವಿರಾಮ (ಅಕಾರ ತೆಗೆಯುವ ಚಿಹ್ನೆ) ಆದರೆ, ಅದು 224, 179, 141, ಫ್ಲ್ಯಾಗ್ ಮಾತ್ರ ಇಳಿಸಿ. ಬೇರೆ ಏನೇ ಬಂದರೂ ಮೊದಲು ಬಾಕಿ ಅಕಾರ ಬರೆದು ಮುಂದೆ ಹೋಗಿ. ಸ್ಟ್ರಿಂಗ್ ಮುಗಿದಾಗಲೂ ಬಾಕಿ ನೋಡಲು ಮರೆಯಬೇಡಿ, ಇಲ್ಲದಿದ್ದರೆ ಎಲ್ಲರ ಹೆಸರಿನ ಕೊನೆಯ ಅಕಾರ ಹಾರಿಹೋಗುತ್ತದೆ.

ಇನ್ನು ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. "ಸರ್ವರ್‌ಗೆ" ಅಂತ ಟೈಪ್ ಮಾಡುವಾಗ ಒತ್ತು ಆಗದಂತೆ ನಡುವೆ ಬರುವ ಝಡ್‌ಡಬ್ಲ್ಯುಎನ್‌ಜೆ. ಅದು 226, 128, 140. ಕನ್ನಡದ ಓಣಿಯಲ್ಲಿ ಅದಿಲ್ಲ. ನುಂಗಿಬಿಡಿ.

ಪಾಯಿಂಟರ್_ಪುಟ್ಟಿ
ಚೆನ್ನಾಗಿದೆ. ಒಂದೇ ಎಚ್ಚರಿಕೆ, ಮೂರು ಬೈಟ್ ಓದೋ ಮುಂಚೆ ಮೂರು ಉಳಿದಿವೆಯಾ ನೋಡಿ. ಡಿಸ್ಕಾರ್ಡ್ ಸಂದೇಶ ನಿಮ್ಮ ಬಫರ್‌ನಲ್ಲಿ ಅಕ್ಷರದ ಮಧ್ಯಕ್ಕೇ ಕತ್ತರಿಸಿರುತ್ತೆ. ಹೊರಗೆ ಬರೆಯೋವಾಗಲೂ 144ರ ಮಿತಿ, ಕ್ಲೈಂಟ್‌ಗೆ ಕಳಿಸೋ ಸಂದೇಶ ಅದಕ್ಕಿಂತ ಉದ್ದ ಹೋಗಲ್ಲ.

ಬಿಟ್‌ಬಸವ
ಇದಕ್ಕ ಮಾತ್ರ ಸಿ ಸರಿ. ಪಾನ್‌ನಾಗ ಮಾಡಾಕ ಹೋದ್ರ ತಲಿ ಕೆಡ್ತದ. ಒಪ್ಪಿದೆ.

ಕರಾವಳಿ_ಕೋಡರ್
ಬಸವಣ್ಣ ಒಪ್ಪಿದ್ರು! ಯಾರಾದ್ರೂ ಸ್ಕ್ರೀನ್‌ಶಾಟ್ ತೆಗೀರಿ.

ಅಂದ ಹಾಗೆ ಗಾಜನೂರು, ಇನ್ನೂ 0.3.7ರಲ್ಲಿ ಯಾಕೆ? ಸ್ಯಾಂಪ್‌ಗೆ ಬದಲಿಯಾಗಿ ಬಂದ ಓಪನ್ ಎಂಪಿಗೆ ಹೋಗಿ, ಸೋರ್ಸ್ ಬಯಲಿಗುಂಟು. ನಿಮ್ಮ ಪ್ಲಗಿನ್ ಹೀಗೇ ಓಡ್ತದೆ, ಕಾನ್ಫಿಗ್‌ನ ಪಾನ್ ಭಾಗದಲ್ಲಿ ಲೆಗಸಿ ಪ್ಲಗಿನ್ಸ್ ಅಂತ ಒಂದು ಪಟ್ಟಿ ಉಂಟು, ಅಲ್ಲಿ ಹೆಸರು ಹಾಕಿದ್ರೆ ಆಯ್ತು. 32 ಬಿಟ್ಟೇ ಬೇಕು ಅಲ್ಲಿಯೂ. ಸರ್ವರ್ ಮೆಮೊರಿಯ ನಿಗದಿತ ವಿಳಾಸಕ್ಕೆ ಕೈ ಹಾಕುವ ಪ್ಲಗಿನ್‌ಗಳು ಮಾತ್ರ ಅಲ್ಲಿ ನಡೆಯುದಿಲ್ಲ, ನಿಮ್ಮದು ಅಂಥದ್ದಲ್ಲ.

ಗಾಜನೂರು_ಗೆಳೆಯ
ವಾರಾಂತ್ಯದಲ್ಲಿ ಅದನ್ನೂ ನೋಡ್ತೀನಿ. ಬನಶಂಕರಿ ಬ್ರೋ, ಅನ್‌ಮ್ಯೂಟ್ ಆಗಿದೆ. ಕತ್ತೆ ಪಟ್ಟಿಯಿಂದ ಹೊರಗೆ.

ಲಿಪ್ಯಂತರ ಬರೆದು ನೋಡ್ದೆ, ಮುಕ್ಕಾಲು ಪಾಲು ಸರಿ ಬರ್ತಿದೆ. ಅನುಸ್ವಾರಕ್ಕೆ ಏನು ಹಾಕ್ಲಿ ಶರಾವತಿ ಮೇಡಂ? ಎಲ್ಲಾ ಕಡೆ ಎಂ ಹಾಕಿದ್ರೆ ಅಂಗಡಿ "ಅಮ್‌ಗಡಿ" ಆಗ್ತಿದೆ.

ಶರಾವತಿ
ಮುಂದಿನ ಅಕ್ಷರ ಇಣುಕಿ ನೋಡಿ. ಪ ಫ ಬ ಭ ಮ ಐದೂ ಸಾಲಾಗಿ ಇವೆ, ಎರಡನೆಯ ಬೈಟ್ 178, ಮೂರನೆಯದು 170ರಿಂದ 174. ಅದರೊಳಗೆ ಇದ್ದರೆ ಎಂ, ಉಳಿದ ವ್ಯಂಜನಕ್ಕೆ ಎನ್.

ಗಾಜನೂರು_ಗೆಳೆಯ
ಪದದ ಕೊನೇಲಿ ಬಂದ್ರೆ?

ಶರಾವತಿ
ಆಗಲೂ ಎಂ. ಇಣುಕುವ ಮೊದಲು ಸ್ಟ್ರಿಂಗ್ ಮುಗಿದಿದೆಯಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಇಲ್ಲಿಗೇ ಬರುತ್ತೀರಿ.

ಸೆಗ್‌ಫಾಲ್ಟ್_ಸೀನ
ಬರಲಿ ಬಿಡಿ, ನನಗೂ ಟೈಂಪಾಸ್ ಬೇಕಲ್ಲ.